ಫರ್ರೊಖ್‌ರು ಪಾರ್ಸಾ ಅವರ ಬದುಕೂ ಅಚ್ಚಾಗಲಿ

ಮಾನ್ಯ ಸಂಪಾದಕರಿಗೆ,

ಮಹಿಳೆಯರ ರಾಜಕೀಯ ಪ್ರಾತಿನಿಧ್ಯದ ಕುರಿತು ತಾವು ಪ್ರಕಟಿಸುತ್ತಿರುವ ಬರಹಗಳನ್ನು ತಪ್ಪದೆ ಓದುತ್ತಿದ್ದೇನೆ. ಆ ಸಾಲಿನಲ್ಲಿ ಇರಾನಿನ ಫರ್ರೊಖ್‌ರು ಪಾರ್ಸಾ ಅವರ ಹೆಸರು ಈವರೆಗೆ ಕಾಣದ ಕಾರಣ ಈ ಪತ್ರ ಬರೆಯುತ್ತಿದ್ದೇನೆ. ಗಡಿನಾಡಿನ ಕನ್ನಡ ಶಾಲೆಯಲ್ಲಿ 29 ವರ್ಷ ಜೀವಶಾಸ್ತ್ರ ಕಲಿಸಿದ ನನಗೆ, ಅದೇ ವಿಷಯದ ಅಧ್ಯಾಪಿಕೆಯಾಗಿದ್ದ ಅವರ ಮೇಲೆ ವಿಶೇಷ ಅಭಿಮಾನವಿದೆ.

ಅವರ ಕಥೆ ತಾಯಿಯಿಂದಲೇ ಆರಂಭವಾಗಬೇಕು. ತಾಯಿ ಫಖ್ರ್ ಆಫಾಕ್ 'ಜಹಾನ್-ಎ-ಜನಾನ್', ಅಂದರೆ 'ಮಹಿಳೆಯರ ಜಗತ್ತು', ಎಂಬ ಪತ್ರಿಕೆಯಲ್ಲಿ ಹೆಣ್ಣುಮಕ್ಕಳ ಶಿಕ್ಷಣದ ಪರವಾಗಿ ಬರೆದದ್ದಕ್ಕೆ ಸಂಪ್ರದಾಯವಾದಿಗಳ ಕೋಪಕ್ಕೆ ಗುರಿಯಾದರು. ಪತ್ರಿಕೆ ನಿಂತಿತು, ಅವರನ್ನು ಕೋಮ್ ಪಟ್ಟಣಕ್ಕೆ ಗಡೀಪಾರು ಮಾಡಲಾಯಿತು. 1922ರಲ್ಲಿ ಫರ್ರೊಖ್‌ರು ಹುಟ್ಟಿದ್ದು ಅಲ್ಲಿಯೇ. ಮುಂದೆ ವೈದ್ಯಕೀಯ ಪದವಿ ಪಡೆದರೂ ಅವರು ಟೆಹರಾನಿನ ಶಾಲೆಯಲ್ಲಿ ಪಾಠ ಹೇಳುವುದನ್ನೇ ಆರಿಸಿಕೊಂಡರು.

1906ರಲ್ಲಿ ಸ್ಥಾಪನೆಯಾದ ಇರಾನಿನ ಸಂಸತ್ತು, ಅಂದರೆ ಮಜ್ಲಿಸ್, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮಹಿಳೆಯರನ್ನು ಹೊರಗಿಟ್ಟಿತ್ತು. 1963ರಲ್ಲಿ ಮತದಾನದ ಹಕ್ಕು ದೊರೆತು, ಅದೇ ವರ್ಷ ಮಜ್ಲಿಸ್‌ಗೆ ಆಯ್ಕೆಯಾದ 6 ಮಹಿಳೆಯರಲ್ಲಿ ಪಾರ್ಸಾ ಒಬ್ಬರು. 1968ರಲ್ಲಿ ಶಿಕ್ಷಣ ಸಚಿವೆಯಾಗಿ, ಇರಾನಿನ ಸಂಪುಟ ಸೇರಿದ ಮೊದಲ ಮಹಿಳೆಯಾದರು. 1979ರ ಇಸ್ಲಾಮಿಕ್ ಕ್ರಾಂತಿಯ ಬಳಿಕ, 1980ರ ಮೇ 8ರಂದು, ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಆಗ ಅವರಿಗೆ 58 ವರ್ಷ.

ಆ ಮತದಾನದ ಹಕ್ಕು ಶಾಹನ, ಅಂದರೆ ಇರಾನಿನ ಅಂದಿನ ದೊರೆಯ, ಆಜ್ಞೆಯಿಂದ ಬಂತು, ಆ ಕಾಲದ ಚುನಾವಣೆಗಳೂ ಅವನ ಹಿಡಿತದಲ್ಲಿದ್ದವು ಎಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಅಷ್ಟಕ್ಕೇ ಪಾರ್ಸಾ ಅವರ ಸ್ಥಾನವನ್ನು ಅರಮನೆಯ ಕೃಪೆಯೆಂದು ತಳ್ಳಿಹಾಕಿದರೆ, ಒಂದು ಪತ್ರಿಕೆಗಾಗಿ ಊರು ಬಿಟ್ಟ ಆ ತಾಯಿಗೆ ಅನ್ಯಾಯವಾಗುತ್ತದೆ. ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಕೇರಳದಲ್ಲಿ 2010ರ ಚುನಾವಣೆಯಿಂದ ಸ್ಥಳೀಯಾಡಳಿತದ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ವಾರ್ಡ್ ಸದಸ್ಯೆಯಾಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಚೆಗೆ, "ಟೀಚರೇ, ಮೀಸಲಾತಿಯಲ್ಲಿ ಬಂದವಳಲ್ಲವೇ ಎಂದು ನನ್ನ ಮಾತನ್ನು ಅರ್ಧಕ್ಕೇ ತಡೆಯುತ್ತಾರೆ" ಎಂದು ಬೇಸರಪಟ್ಟಳು. ಅವಳಿಗೆ ನಾನು ಪಾರ್ಸಾ ಅವರ ಬದುಕನ್ನು ಹೇಳಿದೆ. ಓದಲು ಕೊಡೋಣವೆಂದರೆ ಕನ್ನಡದ ಬರಹವೊಂದು ನನ್ನ ಕೈಗೆ ಸಿಗಲಿಲ್ಲ.

ಆದ್ದರಿಂದ ತಮ್ಮ ಸಾಪ್ತಾಹಿಕ ಪುರವಣಿಯಲ್ಲಿ ಫಖ್ರ್ ಆಫಾಕ್ ಮತ್ತು ಫರ್ರೊಖ್‌ರು, ಈ ತಾಯಿ ಮಗಳಿಬ್ಬರ ಕುರಿತು ವಿವರವಾದ ಲೇಖನವೊಂದನ್ನು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಅಧ್ಯಾಪಿಕೆ, ಬದಿಯಡ್ಕ, ಕಾಸರಗೋಡು ಜಿಲ್ಲೆ