ಕಿರುಪ್ರಬಂಧದ ಆಕರಗಳ ಕುರಿತು

ಇತಿಹಾಸ ಎಂ.ಎ. ಅಂತಿಮ ವರ್ಷದ ಎಲ್ಲ ವಿದ್ಯಾರ್ಥಿಗಳ ಗಮನಕ್ಕೆ.

ಕಿರುಪ್ರಬಂಧಕ್ಕೆ ಆಕರ ಹುಡುಕುವವರು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾ ಎಂಬ ಆನ್‌ಲೈನ್ ಭಂಡಾರದಿಂದ ಆರಂಭಿಸುವುದು ಒಳ್ಳೆಯದು, ಅಲ್ಲಿನ ಪಿಎಚ್‌.ಡಿ. ಪ್ರಬಂಧಗಳನ್ನು ಉಚಿತವಾಗಿ ಓದಬಹುದು. ಆದರೆ ಅವುಗಳಲ್ಲಿ ಉಲ್ಲೇಖಗೊಂಡ ಶಾಸನವನ್ನು ನೀವೇ ತೆರೆದು ನೋಡದೆ ಅಡಿಟಿಪ್ಪಣಿಯನ್ನು ಹಾಗೆಯೇ ಎತ್ತಿಕೊಳ್ಳಬೇಡಿ. ಬಿ.ಎಲ್. ರೈಸ್ ಅವರು 1886ರಿಂದ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನಸಂಗ್ರಹದ ಸಂಪುಟಗಳಿಗೂ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತಂದ ಪರಿಷ್ಕೃತ ಆವೃತ್ತಿಗೂ ಸಂಪುಟಗಳ ವಿಂಗಡಣೆ ಮತ್ತು ಶಾಸನಸಂಖ್ಯೆಗಳಲ್ಲಿ ವ್ಯತ್ಯಾಸವಿರುವುದರಿಂದ, ಯಾವ ಆವೃತ್ತಿಯೆಂದು ಬರೆಯದಿದ್ದರೆ ಓದುಗರು ಬೇರೊಂದು ಊರಿನ ಶಾಸನವನ್ನೇ ತಲುಪಿಯಾರು. ನನ್ನ ಕರಡಿನಲ್ಲಿಯೂ ಈ ತಪ್ಪು ನುಸುಳಿ, ಎರಡು ಅಧ್ಯಾಯಗಳ ಟಿಪ್ಪಣಿಗಳನ್ನು ಮೊದಲಿನಿಂದ ತಿದ್ದಬೇಕಾಯಿತು.

ವಿಶ್ವವಿದ್ಯಾಲಯ ಅನುದಾನ ಆಯೋಗವು (ಯುಜಿಸಿ) ತಾನು ಅಂಗೀಕರಿಸಿದ ಸಂಶೋಧನ ಪತ್ರಿಕೆಗಳ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿರುವುದರಿಂದ, ಸಂಶೋಧನ ಪತ್ರಿಕೆಯೊಂದರ ಸಂಪಾದಕ ಮಂಡಳಿ ಯಾವುದು, ಲೇಖನಗಳನ್ನು ವಿಷಯತಜ್ಞರು ಪರಿಶೀಲಿಸುತ್ತಾರೆಯೇ ಎಂಬುದನ್ನು ನಾವೇ ನೋಡಿಕೊಳ್ಳಬೇಕು. ಹಣ ಕಟ್ಟಿದರೆ ವಾರದೊಳಗೆ ಪ್ರಕಟಿಸುತ್ತೇವೆ ಎನ್ನುವ ಪತ್ರಿಕೆಗಳನ್ನು ದಯವಿಟ್ಟು ದೂರವಿಡಿ. ಚಾಟ್‌ಬಾಟ್ ಸೂಚಿಸಿದ ಪುಸ್ತಕವು ಗ್ರಂಥಾಲಯದ ಸೂಚಿಯಲ್ಲಿ ಸಿಗುವವರೆಗೆ ಅದನ್ನು ಆಕರವೆಂದು ನಮೂದಿಸಬೇಡಿ.