ಸುವಾದಿಂದ ಅಪ್ಪಯ್ಯನಿಗೆ

ಸುವಾ, ಫಿಜಿ
26 ಜೂನ್ 2011

ಅಪ್ಪಯ್ಯನಿಗೆ, ಆಯಿಗೆ ನಮಸ್ಕಾರ.

ನಾನು ಆರಾಮ. ನಿಮ್ಮ ಕಾಗದ ಗುರುವಾರ ಸಿಕ್ಕಿತು. ಫೋನಿನಲ್ಲಿ ಹೇಳಿದರೆ ಅಪ್ಪಯ್ಯ ಅರ್ಧಕ್ಕೇ ಆಯಿ ಕೈಗೆ ಕೊಡುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಯುದ್ಧದ ಸುದ್ದಿ. ಫಿಜಿಗೂ ಪಕ್ಕದ ದ್ವೀಪದೇಶ ಟೊಂಗಾಕ್ಕೂ ಯುದ್ಧವಂತೆ ಅಂತ ಹೆದರಿ ಬರೆದಿದ್ದೀರಿ. ಇಲ್ಲಿ ಯುದ್ಧವೂ ಇಲ್ಲ, ಮಣ್ಣೂ ಇಲ್ಲ. ಟೊಂಗಾದವರಿಗೂ ಫಿಜಿಯವರಿಗೂ ಮಿನರ್ವಾ ಅನ್ನುವ ಹವಳದ ದಿಬ್ಬದ ತಕರಾರು. ಅದು ಸುವಾದಿಂದ 600 ಕಿಲೋಮೀಟರಿಗೂ ಜಾಸ್ತಿ ದೂರ. ದಿಬ್ಬ ಎರಡಿವೆ. ಉತ್ತರದ್ದು ಬಳೆಯ ಹಾಗೆ, ಒಂದೇ ಕಡೆ ಬಾಯಿ. ದಕ್ಷಿಣದ್ದು ಎಂಟರ ಅಂಕಿಯ ಹಾಗೆ. ಭರತ ಬಂದು ನೀರು ಏರಿದರೆ ಎರಡೂ ಮುಳುಗುತ್ತವೆ, ನೊರೆ ಬಿಟ್ಟರೆ ಏನೂ ಕಾಣದು. ನ್ಯೂಜಿಲೆಂಡಿಗೆ ಹೋಗುವ ಹಾಯಿದೋಣಿಯವರು ಆ ಬಳೆಯೊಳಗೆ ಲಂಗರು ಹಾಕಿ ರಾತ್ರಿ ಕಳೆಯುತ್ತಾರೆ. ಸುತ್ತ ಒಂದು ಮರ ಇಲ್ಲ, ದಡ ಇಲ್ಲ, ಆದರೂ ಕೆರೆಯ ಹಾಗೆ ನೀರು ಅಂತೆ. ನಾನು ಕೆಲಸ ಮಾಡುವ ದೋಣಿ ಯಾರ್ಡಿಗೆ ಇಂಜಿನ್ ರಿಪೇರಿಗೆ ಬಂದ ಒಬ್ಬ ಹೇಳಿದ.

ಹೆಸರು ಬಂದದ್ದು 1829ರಲ್ಲಿ ಅಲ್ಲಿ ಒಡೆದ ತಿಮಿಂಗಿಲ ಬೇಟೆಯ ಹಡಗಿನಿಂದ. ಆಮೇಲೂ ಎಷ್ಟೋ ಹಡಗು ಬಡಿದಿವೆ. 1962ರಲ್ಲಿ ಟೊಂಗಾದಿಂದ ನ್ಯೂಜಿಲೆಂಡಿಗೆ ಹೊರಟ ದೋಣಿ ಒಡೆಯಿತು, ಅದರಲ್ಲಿ ಬಾಕ್ಸಿಂಗ್ ಆಡುವವರೂ ಇದ್ದರು. 17 ಜನ ಮೊದಲೇ ಒಡೆದು ಬಿದ್ದಿದ್ದ ಜಪಾನಿ ಹಡಗಿನ ಹೊಟ್ಟೆಯಲ್ಲಿ ಮೂರು ತಿಂಗಳು ಕಳೆದರು, ಕೆಲವರು ಸತ್ತರು. ಕ್ಯಾಪ್ಟನ್ ತೆವಿತಾ ಫಿಫಿತಾ ಮುರುಕು ಹಲಗೆಯಿಂದ ಸಣ್ಣ ದೋಣಿ ಕಟ್ಟಿ ಫಿಜಿಯ ಕಡೆ ಹೊರಟ. ದಡ ಹತ್ತಿರ ಬಂದಾಗ ಜೊತೆಗಿದ್ದ ಸ್ವಂತ ಮಗ ಮುಳುಗಿ ಸತ್ತ. ಉಳಿದವರಿಗೆ ಸಹಾಯ ಸಿಕ್ಕಿದ್ದು ಆ ಅಪ್ಪನಿಂದಲೇ. ಇದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ನಗುವ ಕತೆಯೂ ಇದೆ. 1971ರಲ್ಲಿ ಅಮೆರಿಕದ ಲಾಸ್ ವೇಗಸ್‌ನ ಮೈಕೆಲ್ ಆಲಿವರ್ ಅನ್ನುವ ದುಡ್ಡಿನ ಮನುಷ್ಯ ಆಸ್ಟ್ರೇಲಿಯಾದಿಂದ ಬಾರ್ಜಿನಲ್ಲಿ ಮರಳು ತರಿಸಿ ದಿಬ್ಬದ ಮೇಲೆ ಸುರಿಸಿದ. ತೆರಿಗೆಯೇ ಇಲ್ಲದ ಹೊಸ ದೇಶ ಮಾಡುವ ಆಸೆ! 1972ರ ಜನವರಿಯಲ್ಲಿ ಸ್ವಾತಂತ್ರ್ಯ ಸಾರಿದರು, ಬಾವುಟ ಹಾರಿಸಿದರು. ಟೊಂಗಾದ ರಾಜನೇ ಜೂನಿನಲ್ಲಿ ಹಡಗು ಹತ್ತಿ ಹೋಗಿ ಅದನ್ನು ಇಳಿಸಿ ತನ್ನ ಬಾವುಟ ನೆಟ್ಟ. ಸುತ್ತಲಿನ ದ್ವೀಪದೇಶಗಳು ಅದಕ್ಕೆ ಒಪ್ಪಿದವು. ಮರಳನ್ನು ಸಮುದ್ರ ವಾಪಸ್ ತೆಗೆದುಕೊಂಡಿತು.

ಫಿಜಿ 2005ರಿಂದ ಮತ್ತೆ ತಕರಾರು ತೆಗೆದಿದೆ. ದಿಬ್ಬ ಯಾರದ್ದೋ ಸುತ್ತಲಿನ ಮೀನೂ, ತಳದ ಖನಿಜವೂ ಅವರದ್ದು ಅನ್ನುವ ಆಸೆ. ಆದರೆ ಭರತದಲ್ಲಿ ಮುಳುಗುವ ಜಾಗಕ್ಕೆ ಸುತ್ತಲಿನ 200 ನಾಟಿಕಲ್ ಮೈಲಿ ಸಮುದ್ರದ ಹಕ್ಕು ಸಿಗದು ಅಂತಲೇ ಅಂತರರಾಷ್ಟ್ರೀಯ ಕಾನೂನು. ಹಡಗಿಗೆ ದಾರಿ ತೋರಿಸುವ ಅಲ್ಲಿನ ದೀಪವನ್ನು ಫಿಜಿಯವರು ಕಿತ್ತರು ಅಂತ ಟೊಂಗಾದವರ ದೂರು. ಈ ತಿಂಗಳು ಟೊಂಗಾದ ಎರಡು ಹಡಗು ಹೋದವು, ಫಿಜಿಯದ್ದು ವಾಪಸ್ ಬಂತಂತೆ. ಗುಂಡು ಹಾರಲಿಲ್ಲ. ಸುವಾದಲ್ಲಿ ಬಸ್ಸು ಓಡುತ್ತಿದೆ, ಮಾರ್ಕೆಟ್ಟಿನಲ್ಲಿ ಕೆಸುವಿನ ಗೆಡ್ಡೆ ರಾಶಿ ಬಿದ್ದಿದೆ. ಇಲ್ಲಿನ ನಮ್ಮವರು ಕೆಸುವಿನೆಲೆಯಲ್ಲಿ ಪತ್ರೊಡೆಯಂಥದ್ದನ್ನೇ ಮಾಡುತ್ತಾರೆ, ಸೈನಾ ಅನ್ನುತ್ತಾರೆ. ಆಯಿ ಮಾಡಿದಷ್ಟು ಚೆನ್ನಾಗಿಲ್ಲ, ಆದರೂ ನಾಲ್ಕು ತಿಂದೆ. ಪೊಲೀಸರೂ ಪಂಚೆಯಂಥ ಸುಲು ಉಟ್ಟು ನಿಲ್ಲುತ್ತಾರೆ. ಹಾಗಿರುವಾಗ ಯುದ್ಧ ಎಲ್ಲಿಂದ ಬಂತು?

ಈಗ ನನ್ನ ಸಿಟ್ಟು. ಕಾಗದದ ಕೊನೆಯಲ್ಲಿ ಆಯಿ ಪೆನ್ಸಿಲಿನಲ್ಲಿ ಎರಡು ಸಾಲು ಸೇರಿಸಿದ್ದಾಳೆ. ಅಪ್ಪಯ್ಯನಿಗೆ ಗೊತ್ತಿಲ್ಲದೇ ಇರಬಹುದು, ಈಗ ಗೊತ್ತಾಗಲಿ. ನಮ್ಮ ಉಪ್ಪುನೀರಿನ ಗಜನಿ ಗದ್ದೆಯ ಕಟ್ಟೆ ಮೇಲೆ ಅಪ್ಪಯ್ಯ ತಲೆ ತಿರುಗಿ ಕೂತುಬಿಟ್ಟರಂತೆ. ಬಿಪಿ 180 ಇತ್ತಂತೆ. ಆ ಮಳೆಯಲ್ಲಿ ಅಲ್ಲಿಗೆ ಹೋದದ್ದು ಯಾಕೆ? ನೀರು ಬಿಡುವ ಜಂತ್ರಡಿ ಬಾಗಿಲಿನ ಪಕ್ಕದ ಮೂರು ಮಾರು ಜಾಗ ಚಿಕ್ಕಪ್ಪ ಒತ್ತಿದ್ದಾನೋ ನೋಡಲಿಕ್ಕೆ ಅಲ್ವಾ? ಆ ಜಾಗದಲ್ಲಿ ಕಗ್ಗ ಭತ್ತ ಬಿತ್ತಿದರೂ ಎರಡು ಕೊಳಗ ಬರದು. ಭರತದಲ್ಲಿ ಅದೂ ಮುಳುಗುತ್ತದೆ. ವಕೀಲರಿಗೆ ಇದುವರೆಗೆ ಎಷ್ಟು ಕೊಟ್ಟಿರಿ ಅಂತ ನಾನು ಕೇಳುವುದಿಲ್ಲ.

ಅಪ್ಪಯ್ಯ, ಮಾತ್ರೆ ಬಿಡಬೇಡಿ. "ಆರಾಮಾದೆ" ಅಂತ ನಿಲ್ಲಿಸಬೇಡಿ. ಈ ತಿಂಗಳು 15,000 ಜಾಸ್ತಿ ಹಾಕಿದ್ದೇನೆ. ಅದು ವಕೀಲರಿಗಲ್ಲ, ಮಂಗಳೂರಿಗೆ ಹೋಗಿ ಹೃದಯ ತೋರಿಸಲಿಕ್ಕೆ. ಗೀತಕ್ಕನ ಗಂಡನನ್ನು ಕರೆದುಕೊಂಡು ಹೋಗಿ. ಅಲ್ಲ, ಚಿಕ್ಕಪ್ಪನನ್ನೇ ಕರೆದುಕೊಂಡು ಹೋಗಿ, ಅವನಿಗೆ ಜೀಪಿದೆ. ಅವನಿಗೂ ಬೇರೆ ಕಾಗದ ಬರೆದಿದ್ದೇನೆ. ಬೈಯಬೇಡಿ.

ನನಗೆ ಏನೂ ತೊಂದರೆ ಇಲ್ಲ. ಸಂಬಳ ಸರಿಯಾಗಿ ಬರುತ್ತದೆ, ಅಕ್ಕಿ ಸಿಗುತ್ತದೆ, ಜ್ವರ ಇಲ್ಲ, ಸಮುದ್ರಕ್ಕೆ ಇಳಿಯುವುದೂ ಇಲ್ಲ. ನಿಜವಾಗಲೂ ಇಲ್ಲ. ಮೊನ್ನೆ ಬೆರಳಿಗೆ ಸ್ಪ್ಯಾನರ್ ಬಡಿದಿತ್ತು, ಅದು ಗಾಯ ಅನ್ನುವಂಥದ್ದೇ ಅಲ್ಲ, ವಾಸಿಯಾಯಿತು.

ನಾಳೆ ಮುಂಬೈಗೆ ಹೊರಟವರ ಕೈಯಲ್ಲಿ ಇದನ್ನು ಕೊಡಬೇಕು, ಅವರು ಆಗಲೇ ಬಾಗಿಲಲ್ಲಿ ನಿಂತಿದ್ದಾರೆ. ಪುಟ್ಟಿಯ ಫಲಿತಾಂಶ ಬರೆಯಿರಿ. ಬಿಪಿ ಎಷ್ಟಿತ್ತು ಅನ್ನುವುದನ್ನು ಆಯಿಯೇ ಬರೆಯಲಿ, ಅಪ್ಪಯ್ಯನ ಅಂಕಿ ನಂಬುವುದಿಲ್ಲ.

ಇಂತಿ ನಿಮ್ಮ ಮಗ