ಚಂದ್ರನ ನಕ್ಷೆಗೆ ಪಿನ್ ಚುಚ್ಚೋಣ, ಭಾನುವಾರ ಬನ್ನಿ

ಎಲ್ಲರಿಗೂ ನಮಸ್ಕಾರ. ಆಗಸ್ಟ್ 23ರ ಬಾಹ್ಯಾಕಾಶ ದಿನಕ್ಕೆ ಮಾಡುತ್ತಿರುವ ಚಂದ್ರನ ಗೋಡೆ ನಕ್ಷೆಗೆ ಈ ಭಾನುವಾರ ಬೆಳಿಗ್ಗೆ 10ಕ್ಕೆ ಪಿನ್ ಚುಚ್ಚುವ ಕೆಲಸ. ಹೆಸರು ಕೊಟ್ಟವರೆಲ್ಲ ಬನ್ನಿ.

ಅಪ್ಪಳಿಸಿದ ನೌಕೆಗೆ ಕೆಂಪು ಪಿನ್, ಮೆತ್ತಗೆ ಇಳಿದದ್ದಕ್ಕೆ ಹಸಿರು. 1959ರ ಸೋವಿಯತ್ ನೌಕೆ ಲೂನಾ 2 ಕೆಂಪು, 1966ರ ಲೂನಾ 9 ಹಸಿರು. 2008ರಲ್ಲಿ ನಮ್ಮ ಚಂದ್ರಯಾನ-1 ಬೀಳಿಸಿದ ಪುಟ್ಟ ಪೆಟ್ಟಿಗೆಗೂ ಕೆಂಪೇ. ಆದರೆ ಅದು ಬೇಕಂತಲೇ ಅಪ್ಪಳಿಸಿದ್ದು, ಸೋಲಲ್ಲ. ಇದನ್ನು ಚೀಟಿಯಲ್ಲಿ ಬರೆಯಲೇಬೇಕು, ಜಾಸ್ತಿ ಜನಕ್ಕೆ ಗೊತ್ತಿಲ್ಲ ಅಲ್ವಾ?

ಅಕ್ಷಾಂಶ ಎರಡು ಸಲ ನೋಡಿ. ಚಂದ್ರಯಾನ-3ರ ವಿಕ್ರಮ್ ಇಳಿದದ್ದು ಸುಮಾರು 69 ಡಿಗ್ರಿ ದಕ್ಷಿಣದಲ್ಲಿ. ಪಿನ್ ಉತ್ತರಕ್ಕೆ ಹೋಗಬಾರದು.

ಯಾವ ನೌಕೆ ನಿಮಗೆ ಬೇಕು ಅಂತ ಶುಕ್ರವಾರದೊಳಗೆ ಇಲ್ಲೇ ತಿಳಿಸಿ. ಅಮೆರಿಕದ ಅಪೊಲೊ ನೌಕೆಗಳು ಇಳಿದ ಆರೂ ಜಾಗಗಳಿಗೆ ಇನ್ನೂ ಯಾರೂ ಸಿಕ್ಕಿಲ್ಲ.